ಕೊನೆಯ ಹಾಡಿಗೆ ಮುಂಚೆ

ಮಂಡಿಪೇಟೆ ಹಿಂದಿನ ಗುಜರಿಯಲ್ಲಿ ಕೊಂಡ ಟೇಪ್‌ರೆಕಾರ್ಡರು,
ನೂರಾ ಎಂಬತ್ತು ರೂಪಾಯಿ, ಹಿಡಿಕೆ ಇಲ್ಲ.
ಒಳಗೆ ಯಾರೋ ಮರೆತ ಕ್ಯಾಸೆಟ್ಟು,
ಮೇಲೆ ಇರುವೆ ಕಾಲಿನಂಥ ಅಕ್ಷರ.
ಒತ್ತಿದೆ. ಕರಕರ ಸದ್ದು, ಆಮೇಲೆ
ಯಾವಳೋ ಒಬ್ಬಳು ಹಾಡಿದಳು.

ದೊಡ್ಡವ್ವ ಅವರೆಕಾಯಿ ಸುಲಿಯುತ್ತಿದ್ದವಳು
ಕೈ ನಿಲ್ಲಿಸಿದಳು.
"ತಡಿ. ಹಿಂದಕ್ಕೆ ಹಾಕು.
ಅಲ್ಲಿ ಉಸಿರು ಕದ್ದಳು ನೋಡು."

ದೊಡ್ಡವ್ವ ಮನೆಯಲ್ಲಿ ಹಂಪವ್ವ,
ಪಿ.ಬಿ. ರೋಡಿನ ತಗಡಿನ ಥಿಯೇಟರಿನ ಬೋರ್ಡಿನಲ್ಲಿ
ಕುಮಾರಿ ಮಂದಾಕಿನಿ.
ಇಪ್ಪತ್ತೆರಡು ವರ್ಷ ಕುಮಾರಿಯೇ,
ಎರಡು ಹೆತ್ತ ಮೇಲೂ.
ಕರೆಂಟು ಹೋಗಿ ಮೈಕು ಸತ್ತ ರಾತ್ರಿ
ಗ್ಯಾಲರಿಯ ಕೊನೆ ಮೆಟ್ಟಿಲು ದಾಟಿ
ಹೊರಗೆ ಮಂಡಕ್ಕಿ ಕಲಸುವವನಿಗೂ ಮುಟ್ಟುವಂತೆ
ಕಪ್ಪು ಐದರಲ್ಲಿ ಎತ್ತಿದ ಗಂಟಲು;
ಈಗ ಹಾಲಿನವನನ್ನು ಕೂಗಿದರೆ
ಬರೀ ಗಾಳಿ.

ಮೊದಲ ಹಾಡಿಗೆ ಅಂದಳು:
"ಎಳೇ ಹುಡುಗಿ ಕಣಲೇ. ಹದಿನೇಳು ಇರಬೇಕು.
ಪಕ್ಕದಾಗೆ ಯಾರೋ ದೊಡ್ಡವರು ನಿಂತಾರೆ,
ಅವರ ಮುಖ ನೋಡ್ಕೊಂಡು ಹಾಡ್ತಾಳೆ."
ಎರಡನೆಯದಕ್ಕೆ:
"ಈಗ ಹೆಸರು ಬಂದೈತೆ. ಪದದ ತುದೀಲಿ ನಗು ಇಟ್ಟಾಳೆ.
ಒನ್ಸ್ ಮೋರ್ ತಿಂದವಳಿಗೇ ಬರೋ ಚಟ ಅದು."
ಮೂರಕ್ಕೆ, ನಾಲ್ಕಕ್ಕೆ ಏನೂ ಅನ್ನಲಿಲ್ಲ.
ಕಾಳು ಬಟ್ಟಲಿಗೆ ಬೀಳುತ್ತಿತ್ತು.
ಐದು ಶುರುವಾದಾಗ ಮೆಲ್ಲಗೆ:
"ಇದು ಬಸುರೀಲಿ ಹಾಡಿದ್ದು.
ನಾನೂ ಹಾಡೀನಿ. ಹೊಟ್ಟೇಲಿ ಗಾಳಿಗೆ ಜಾಗ ಇರಲ್ಲ,
ಎದೆಯಿಂದ ಸಾಲ ತರಬೇಕು."

ಆ ವರ್ಷ ಹತ್ತಿ ಗಿರಣಿಗೆ
ಹೊಸ ಕದಿರುಯಂತ್ರ ಕೂರಿಸಲು ಜಪಾನಿನಿಂದ ಬಂದಿದ್ದ
ಹೊಸೋದಾ. ನಾನು ಅಲ್ಲೇ ಸ್ಟೋರ್ಸ್ ಗುಮಾಸ್ತ.
ಬೆಣ್ಣೆದೋಸೆ ತಿನ್ನಿಸಿ ಕ್ಯಾಸೆಟ್ಟು ಮುಂದಿಟ್ಟೆ.
ಬೆಣ್ಣೆಯ ಬೆರಳು ದೂರ ಹಿಡಿದು
ಬಗ್ಗಿ ಓದಿದ. ಒಮ್ಮೆ ನನ್ನ ನೋಡಿದ,
ಇದು ನಿನಗೆ ಹೇಗೆ ಸಿಕ್ಕಿತು ಎನ್ನುವಂತೆ.

ಮಿಸಾವೊ. ಅವನ ತಾಯಿಯ ಕಾಲದವಳು.
ಅದು ಸಿನಿಮಾ ಕಂಪನಿ ಇಟ್ಟ ಹೆಸರು,
ಮನೆ ಹೆಸರು ಅವನಿಗೆ ಗೊತ್ತಿಲ್ಲ.
ಯುದ್ಧ ಮುಗಿದ ಮೇಲೆ ನಲವತ್ತು ಚಿತ್ರ:
ದಾದಿ, ಟೈಪಿಸ್ಟು, ಬೆಸ್ತರ ಹುಡುಗಿ,
ಹೆಚ್ಚಿನವುಗಳಲ್ಲಿ ಕೆಮ್ಮಿ ಸಾಯುತ್ತಾಳೆ.
ಮೂವತ್ತೈದಕ್ಕೆ ಎಲ್ಲ ಬಿಟ್ಟು
ಎಲ್ಲೋ ಸಮುದ್ರದ ಊರಲ್ಲಿ ಗುಂಡಿ, ದಾರ, ಸೂಜಿ ಮಾರುವ
ಅಂಗಡಿ ಇಟ್ಟಳಂತೆ.
ಮದುವೆ ಇಲ್ಲ, ಮಕ್ಕಳಿಲ್ಲ.
ಐದನೆಯ ಹಾಡೇ? ನಕ್ಕ.
ದೋಣಿಗೆ ಚೀಟಿ ಹರಿಯುವ ಹುಡುಗಿಯದು:
ಇದೇ ಕೊನೆ ದೋಣಿ, ಬನ್ನಿ ಬನ್ನಿ,
ಇನ್ನು ಇಬ್ಬರಿಗೇ ಜಾಗ.

ಮನೆಗೆ ಬಂದು ಒಂದೊಂದೇ ಒಪ್ಪಿಸಿದೆ,
ಗೆದ್ದವನ ಹಾಗೆ.
ದೊಡ್ಡವ್ವ ಎಲೆಗೆ ಸುಣ್ಣ ಸವರುತ್ತಾ ಕೇಳಿದಳು.
ಗುಂಡಿ ಅಂಗಡಿಗೆ ತಲೆದೂಗಿದಳು.
"ಒಳ್ಳೇದು. ಬಾಯಿ ಬೇಡದ ಯಾಪಾರ."
ಆಮೇಲೆ, ಅಡಿಕೆ ಕಡಿದು ಬಾಯಿಗಿಟ್ಟು:
"ಮಕ್ಕಳಿಲ್ಲ ಅಂದ್ರೆ
ಬಸುರಾಗಿಲ್ಲ ಅಂತನಾ?"

ಯಾರಾದರೂ ಬಂದರೆ ಈಗಲೂ ಟೇಪು ಹಚ್ಚಿಸುತ್ತಾಳೆ,
ಹಳೇ ಪೆಟ್ಟಿಗೆ ಮಾಸ್ತರು ಪಾಲಾಕ್ಷಯ್ಯ ಬಂದ ದಿನವಂತೂ
ಚಹಾ ಆರುವವರೆಗೂ.
ಅವರು ತೊಡೆಯ ಮೇಲೆ ಬೆರಳಾಡಿಸಿ
ಮನೆ ಹುಡುಕುತ್ತಿದ್ದರು.
ಬಿ ಸೈಡಿನ ಕೊನೆಯದೊಂದು ಬಾಕಿ ಇದ್ದಾಗ
ನನಗೆ ಕಣ್ಣು ಮಾಡಿದಳು: ಸಾಕು, ಆರಿಸು.

ಅವರು ಮೂಲೆ ದಾಟಿದ ಮೇಲೆ ಕೇಳಿದೆ, ಯಾಕೆ?
"ಅದರಾಗೆ ಶ್ರುತಿ ಎರಡು ಮನೆ ಇಳಿಸ್ಯಾರೆ.
ಪೆಟ್ಟಿಗೆಯವನ ಕಿವೀಲಿ ಅವಳೇ ಹೇಳಿರ್ತಾಳೆ,
ಯಾರಿಗೂ ಕೇಳಿಸದ ಹಂಗೆ.
ಮತ್ತೆ ನಾವು
ಬಂದೋರ ಮುಂದೆಲ್ಲ ಹಾಕಿ ಕುಣಿಸೋದಾ?"

ಬಾಗಿಲು ಹಾಕಿ ಬಂದಳು. ಕೂತಳು.
"ಹೂಂ, ಈಗ ಹಚ್ಚು."